ಮೆಟ್ಟಿಲ ಕಿಟಕಿಯ ಮೇಲೆ ಮಣ್ಣಿನ ಗೂಡು: ಯಾವ ಹಕ್ಕಿ ಇದು? ಮರಿ ಹಾರೋಕೆ ಇನ್ನೆಷ್ಟು ದಿನ ಬೇಕು?

ಮೂರನೇಮಹಡಿ:

ಎಲ್ಲರಿಗೂ ನಮಸ್ಕಾರ. ಹಕ್ಕಿಗಳ ಬಗ್ಗೆ ನನಗೆ ತಿಳಿದಿರೋದು ಕಡಿಮೆ. ಆದರೆ ಇನ್ನು ಹನ್ನೊಂದು ದಿನದಲ್ಲಿ ಒಂದು ತೀರ್ಮಾನಕ್ಕೆ ಬರಬೇಕಾಗಿದೆ, ಅದಕ್ಕೇ ಇಲ್ಲಿ ಕೇಳ್ತಾ ಇದ್ದೀನಿ.

ನಾವಿರೋ ಕಟ್ಟಡದಲ್ಲಿ ಎರಡನೇ ಮಹಡಿಯಿಂದ ಮೂರಕ್ಕೆ ಮೆಟ್ಟಿಲು ತಿರುಗುವ ಕಡೆ ಒಂದು ದೊಡ್ಡ ಕಿಟಕಿ ಇದೆ. ಗಾಜಿಲ್ಲ, ಬರೀ ಕಂಬಿ. ಅದರ ಮೇಲ್ಗಡೆ, ಒಳಗೇ, ತೊಲೆಯೂ ಗೋಡೆಯೂ ಕೂಡುವ ಮೂಲೆಯಲ್ಲಿ ಒಂದು ಜೋಡಿ ಹಕ್ಕಿ ಗೂಡು ಕಟ್ಟಿವೆ. ಬಟ್ಟಲನ್ನು ನಡುವೆ ಸೀಳಿ ಒಂದು ಹೋಳನ್ನು ಗೋಡೆಗೆ ಅಂಟಿಸಿದ ಹಾಗಿದೆ. ಬಾಯಿ ಪೂರ್ತಿ ತೆರೆದಿದೆ. ತೊಲೆಗೂ ಗೂಡಿನ ಅಂಚಿಗೂ ನಡುವೆ ನಾಲ್ಕು ಬೆರಳು ಸಂದು ಇರಬಹುದು. ಹೊರಮೈ ತುಂಬ ಮಣ್ಣಿನ ಸಣ್ಣ ಸಣ್ಣ ಉಂಡೆಗಳು, ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತೆ. ಕೆಳಗಿನ ಸಾಲುಗಳು ಬೂದು ಬಣ್ಣ, ಮೇಲಿನವು ಸ್ವಲ್ಪ ಕೆಂಪು. ಬೇರೆ ಬೇರೆ ಕಡೆಯಿಂದ ಮಣ್ಣು ತಂದಿರಬೇಕು.

ಹಕ್ಕಿ ಗುಬ್ಬಚ್ಚಿಗಿಂತ ತುಸು ಸಣ್ಣದು. ಮೈಯೆಲ್ಲ ಒಂದೇ ಬಣ್ಣ, ಹೊಗೆ ಹಿಡಿದಂಥ ಕಂದು. ಗಂಟಲ ಹತ್ತಿರ ಮಾತ್ರ ಕೊಂಚ ತಿಳಿ. ಬಾಲ ಕವಲೊಡೆದಿಲ್ಲ, ಕತ್ತರಿಯಲ್ಲಿ ಅಡ್ಡ ಕತ್ತರಿಸಿದ ಹಾಗೆ ನೇರ. ಕಂಬಿ ದಾಟಿ ಒಳಗೆ ಬರುವಾಗ ಬಾಲವನ್ನು ಬೀಸಣಿಗೆಯಂತೆ ಬಿಚ್ಚುತ್ತೆ, ಆಗ ಬಿಳಿ ಚುಕ್ಕೆಗಳ ಒಂದು ಸಾಲು ಫಕ್ಕನೆ ಕಾಣಿಸುತ್ತೆ. ಬಾಲ ಮಡಚಿದ ಕೂಡಲೇ ಆ ಚುಕ್ಕೆ ಎಲ್ಲಿತ್ತು ಅಂತಲೇ ಗೊತ್ತಾಗಲ್ಲ. ಎರಡೂ ಹಕ್ಕಿ ನೋಡೋಕೆ ಒಂದೇ ಥರ. ಕೂಗು ಅಂತ ದೊಡ್ಡದೇನಿಲ್ಲ, ಮೆಲ್ಲಗೆ ಚಿಟ್ ಚಿಟ್ ಅನ್ನುತ್ತವೆ.

ಎಂಟು ದಿನದಿಂದ ಒಳಗೆ ಮರಿಗಳ ಸಣ್ಣ ದನಿ ಕೇಳ್ತಾ ಇದೆ. ನಿನ್ನೆ ಮೂರು ಬಾಯಿ ಎಣಿಸಿದೆ.

ಈಗ ವಿಷಯ ಏನು ಅಂದರೆ, ಕಟ್ಟಡಕ್ಕೆ ಬಣ್ಣ ಬಳಿಸ್ತಾ ಇದ್ದಾರೆ. ಇನ್ನು ಹನ್ನೊಂದು ದಿನಕ್ಕೆ ಮೆಟ್ಟಿಲ ಸರದಿ. ಗೋಡೆ ಕೆರೆದು, ಪುಟ್ಟಿ ಹಾಕಿ, ಆಮೇಲೆ ಬಣ್ಣ. ಗೂಡು ಕೆಡವಲೇಬೇಕು ಅಂತಾರೆ. ಮೆಟ್ಟಿಲ ಮೇಲೆ ಹಿಕ್ಕೆ ಬೀಳುತ್ತೆ ಅಂತ ಕೆಳಗಿನ ಮನೆಯವರಿಗೂ ಬೇಸರ ಇದೆ. ಅವರು ಹೇಳೋದರಲ್ಲೂ ತಪ್ಪಿಲ್ಲ, ದಿನಾ ಒರೆಸೋದು ಅವರೇ.

ನನಗೆ ಇದು ಇಷ್ಟು ಮನಸ್ಸಿಗೆ ಹತ್ತೋಕೆ ಕಾರಣ ಇದೆ. ಹೋದ ವರ್ಷ ಇದೇ ಜಾಗದಲ್ಲಿ ಇದ್ದ ಮಣ್ಣಿನ ಮುದ್ದೆಯನ್ನು ಕಣಜದ ಗೂಡು ಅಂದುಕೊಂಡು ಉದ್ದ ಕೋಲಿನ ಪೊರಕೆಯಲ್ಲಿ ನಾನೇ ಕೆಡವಿದ್ದೆ. ಬಿದ್ದ ಮೇಲೆ ನೋಡಿದರೆ ಮೆಟ್ಟಿಲ ಮೇಲೆ ಎರಡು ಪುಟ್ಟ ಮೊಟ್ಟೆ, ಬಿಳಿ ಮೈಗೆ ಕಂದು ಚುಕ್ಕೆ, ಎರಡೂ ಒಡೆದಿದ್ದವು. ಆವತ್ತು ಸಂಜೆವರೆಗೂ ಎರಡು ಹಕ್ಕಿ ಆ ಖಾಲಿ ಮೂಲೆಗೆ ಬಂದು, ರೆಕ್ಕೆ ಬಡಿಯುತ್ತಾ ನಿಂತು, ಹೋಗಿ, ಮತ್ತೆ ಬಂದವು. ಕಸ ಗುಡಿಸೋಕೂ ಕೈ ಬರಲಿಲ್ಲ. ಈ ಸಲ ಹಾಗಾಗಬಾರದು.

ಇದು ಯಾವ ಹಕ್ಕಿ? ಮರಿಗಳು ಹನ್ನೊಂದು ದಿನದಲ್ಲಿ ಹಾರುತ್ತವಾ? ಇಲ್ಲ ಅಂದರೆ ಗೂಡನ್ನು ಹಾಗೇ ಎತ್ತಿ ಬೇರೆ ಕಡೆ ಇಡಬಹುದಾ?

ಗಾಳಿಪಟ:

ವಿವರ ನೋಡಿದರೆ ಬಾನಾಡಿ, ಅಂದರೆ ಸ್ವಿಫ್ಟ್ ಅನ್ನಿಸುತ್ತೆ ಮೇಡಂ. ನಮ್ಮ ಆಫೀಸಿನ ಸೂರಿನಡಿಯೂ ತುಂಬಾ ಇವೆ, ಕಪ್ಪು ಮೈ, ಸೊಂಟದ ಮೇಲೆ ಬಿಳಿ ಪಟ್ಟಿ. ಮರಿ ಹಾರಿಹೋದ ಮೇಲೆ ಗೂಡು ತೆಗೆದರೆ ಏನೂ ತೊಂದರೆ ಇಲ್ಲ, ಹೇಗೂ ಹೊಸದು ಕಟ್ಟಿಕೊಳ್ಳುತ್ತವೆ.

ಹಳೇನೋಟ್‌ಬುಕ್:

ಗಾಳಿಪಟ ಅವರೇ, ನೀವು ಹೇಳುತ್ತಿರುವುದು ಹೌಸ್ ಸ್ವಿಫ್ಟ್. ಅದು ಬೇರೆಯೇ ಕುಲ. ಸ್ವಿಫ್ಟ್ ನೆಲಕ್ಕೆ ಇಳಿದು ಮಣ್ಣು ಹೊರುವುದಿಲ್ಲ. ಗಾಳಿಯಲ್ಲಿ ತೇಲುವ ಪುಕ್ಕ, ಹುಲ್ಲಿನ ಎಳೆಗಳನ್ನು ಹಿಡಿದು ತನ್ನ ಜೊಲ್ಲಿನಿಂದ ಅಂಟಿಸುತ್ತದೆ. ಅದರ ಗೂಡು ಗರಿ ತುಂಬಿದ ಚೀಲದಂತೆ ಇರುತ್ತದೆ. ಉಂಡೆ ಉಂಡೆ ಮಣ್ಣಿನ ಅರ್ಧ ಬಟ್ಟಲು, ನೇರ ಬಾಲ, ಬಾಲದಲ್ಲಿ ಬಿಳಿ ಚುಕ್ಕೆ ಎಂದ ಮೇಲೆ ಅನುಮಾನವೇ ಬೇಡ. ಅದು ಕವಲುತೋಕೆಗಳ, ಅಂದರೆ ಸ್ವಾಲೋಗಳ, ಕುಟುಂಬದ ಹಕ್ಕಿ, ಡಸ್ಕಿ ಕ್ರ್ಯಾಗ್ ಮಾರ್ಟಿನ್. ಬಂಡೆ ಮಾರ್ಟಿನ್ ಎಂದು ಕರೆಯೋಣ.

ಅಮ್ಮಾ, ನಿಮ್ಮ ಬರಹ ಓದಿ ನನಗೆ ಸಂತೋಷವಾಯಿತು. ಬಾಲ ಬಿಚ್ಚಿದಾಗ ಮಾತ್ರ ಕಾಣುವ ಚುಕ್ಕೆಯನ್ನು ಬಹಳ ಜನ ವರ್ಷಗಟ್ಟಲೆ ನೋಡಿಯೂ ನೋಡಿರುವುದಿಲ್ಲ. ಈ ಹಕ್ಕಿಯ ಕುಲನಾಮವೇ ಆ ಬಾಲದಿಂದ ಬಂದದ್ದು. ಟಯೊನೊಪ್ರಾಗ್ನಿ ಎಂದು. ಗ್ರೀಕ್ ಭಾಷೆಯಲ್ಲಿ ಟಯಾನ್ ಎಂದರೆ ಬೀಸಣಿಗೆ; ಪ್ರಾಕ್ನಿ ಎಂಬುವಳು ಅವರ ಪುರಾಣದಲ್ಲಿ ಕವಲುತೋಕೆಯಾಗಿ ಮಾರ್ಪಟ್ಟ ಹೆಣ್ಣುಮಗಳು. ಜರ್ಮನಿಯ ಪಕ್ಷಿತಜ್ಞ ರೈಖೆನ್‌ಬಾಖ್ 1850ರಲ್ಲಿ ಈ ಹೆಸರಿಟ್ಟ. ಅವನಿಟ್ಟ ಹೆಸರಿನಲ್ಲಿರುವ ಅದೇ ಬೀಸಣಿಗೆ ನಿಮ್ಮ ಬರಹದಲ್ಲೂ ಬಂದಿದೆ.

ಆದರೆ ಹಕ್ಕಿಯನ್ನು ಅದಕ್ಕೂ ಮುಂಚೆಯೇ ಗುರುತಿಸಿದ್ದರು. ದಖ್ಖನ್ ಸೀಮೆಯ ಹಕ್ಕಿಗಳನ್ನು ಪಟ್ಟಿ ಮಾಡಿದ ಸೇನಾಧಿಕಾರಿ ವಿಲಿಯಂ ಸೈಕ್ಸ್ 1832ರಲ್ಲಿ ಇದನ್ನು ವರ್ಣಿಸಿ ಕಾಂಕಲರ್ ಎಂದು ಕರೆದ. ಒಂದೇ ಬಣ್ಣದ್ದು ಎಂದರ್ಥ. ಈ ಕುಲದಲ್ಲಿ ಹಿಂದೆ ಮೂರು ಪ್ರಭೇದ ಎಣಿಸುತ್ತಿದ್ದರು. ಆಫ್ರಿಕಾದ ರಾಕ್ ಮಾರ್ಟಿನನ್ನು ಒಡೆದು ನೋಡುವವರು ಈಗ ನಾಲ್ಕು ಅಥವಾ ಐದು ಎನ್ನುತ್ತಾರೆ. ಎಲ್ಲವೂ ಕಂದು ಬಣ್ಣದವು, ನೇರ ಬಾಲದವು. ಎಲ್ಲವೂ ಬಂಡೆಗೆ ಒಗ್ಗಿಕೊಂಡವು. ನಿಮ್ಮದು ಭಾರತದಿಂದ ಹಿಡಿದು ದಕ್ಷಿಣ ಚೀನಾ, ಲಾವೋಸ್, ವಿಯೆಟ್ನಾಂವರೆಗೆ ಇದೆ. ಇದು ವಲಸೆ ಹೋಗುವುದಿಲ್ಲ. ಆದ್ದರಿಂದ ಹೋದ ವರ್ಷ ಆ ಮೂಲೆಗೆ ಬಂದು ಬಂದು ಹೋದ ಜೋಡಿಯೇ ಈ ವರ್ಷವೂ ಕಟ್ಟಿರುವ ಸಂಭವ ಬಹಳ ಇದೆ.

ನಾನು ಆರು ವರ್ಷದಿಂದ ಒಂದೇ ಜೋಡಿಯ ಗೂಡನ್ನು ನೋಡುತ್ತಾ ಬರೆದಿಡುತ್ತಾ ಬಂದಿದ್ದೇನೆ. ನಮ್ಮ ಹಿತ್ತಿಲ ಕಡೆಯ ಕಿಟಕಿಯ ಸಜ್ಜೆಯ ಅಡಿಯಲ್ಲಿದೆ. ನನ್ನ ಮೊದಲ ನೋಟ್‌ಬುಕ್ಕಿನ ಮೊದಲ ಪುಟ ಮಣ್ಣಿನದೇ. ಎರಡೂ ಹಕ್ಕಿ ಮಣ್ಣು ಹೊರುತ್ತವೆ. ಬೆಳಿಗ್ಗೆ ಬಿಸಿಲು ಚುರುಕಾಗುವ ತನಕ ಕೆಲಸ, ಆಮೇಲೆ ಬಿಡುವು. ಒಂದು ದಿನಕ್ಕೆ ಒಂದು ಬೆರಳು ಅಗಲದ ಪಟ್ಟಿಗಿಂತ ಹೆಚ್ಚು ಏರಿಸಿದ್ದನ್ನು ನಾನು ಕಾಣೆ. ಹಸಿ ಪಟ್ಟಿ ಒಣಗಿ ಬಣ್ಣ ತಿಳಿಯಾದ ಮೇಲೆಯೇ ಅದರ ಮೇಲೆ ಮುಂದಿನದು. ಗೂಡು ಮುಗಿಯಲು ನೂರಾರು ಉಂಡೆ ಬೇಕು, ವಾರಗಳೇ ಹಿಡಿಯುತ್ತವೆ. ಒಳಗೆ ಒಣ ಹುಲ್ಲು, ಮೆತ್ತಗೆ ಗರಿ.

ಗಾಳಿಪಟ ಅವರಿಗೆ ಇದನ್ನೇ ಹೇಳಬೇಕೆಂದಿದ್ದೆ. "ಹೊಸದು ಕಟ್ಟಿಕೊಳ್ಳುತ್ತವೆ" ಎನ್ನುವುದು ಸುಲಭ. ಅಷ್ಟು ಹೊತ್ತಿಗೆ ಆ ಜೋಡಿಯ ಒಂದು ಸೂಲೇ ಕಳೆದುಹೋಗಿರುತ್ತದೆ. ಮಣ್ಣು ಹದವಾಗಿ ಸಿಗುವ ದಿನಗಳೂ ಎಣಿಕೆಯವು; ಕೆಸರು ನೀರಾದರೆ ನಿಲ್ಲದು, ಒಣಗಿದರೆ ಅಂಟದು. ಹಳೆಯ ಗೂಡು ಇದ್ದರೆ ಅಂಚಿಗೆ ಒಂದೆರಡು ಸಾಲು ಸೇರಿಸಿ, ಒಳಹಾಸು ಹೊಸದು ಮಾಡಿಕೊಂಡು ಮೊಟ್ಟೆ ಇಟ್ಟುಬಿಡುತ್ತವೆ. ನನ್ನ ಸಜ್ಜೆಯಡಿಯ ಗೂಡು ಆರು ವರ್ಷದಿಂದ ಅದೇ.

ಈಗ ನಿಮ್ಮ ಲೆಕ್ಕ. ಎರಡರಿಂದ ನಾಲ್ಕು ಮೊಟ್ಟೆ. ಸುಮಾರು ಎರಡು ವಾರ ಕಾವು. ಒಡೆದ ಮೇಲೆ ಮರಿಗಳು ಗೂಡಿನಲ್ಲೇ ಹೆಚ್ಚುಕಡಿಮೆ ಮೂರೂವರೆ ವಾರ ಇರುತ್ತವೆ. ಎಂಟು ದಿನದಿಂದ ದನಿ ಕೇಳುತ್ತಿದೆ ಎಂದಿರಿ. ಮೊದಲ ಒಂದೆರಡು ದಿನ ದನಿ ಕೇಳುವಷ್ಟು ಇರುವುದಿಲ್ಲ, ಹಾಗಾಗಿ ಹತ್ತು ದಿನದ ಮರಿ ಎಂದಿಟ್ಟುಕೊಳ್ಳಿ. ಇನ್ನು ಹದಿನಾಲ್ಕರಿಂದ ಹದಿನಾರು ದಿನ ಬೇಕು. ಹನ್ನೊಂದು ದಿನ ಸಾಲದು. ಹನ್ನೊಂದನೆಯ ದಿನಕ್ಕೆ ಅವಕ್ಕೆ ಮೈತುಂಬ ಗರಿ ಬಂದಿರುತ್ತದೆ, ಹಾರುವ ಬಲ ಇರುವುದಿಲ್ಲ. ಅದೇ ಅತ್ಯಂತ ಅಪಾಯದ ಹೊತ್ತು. ಆಗ ಯಾರಾದರೂ ಏಣಿ ಹಾಕಿ ಗೂಡಿನ ಹತ್ತಿರ ಹೋದರೆ ಮರಿಗಳು ಹೆದರಿ ಹೊರಗೆ ಹಾರಿಕೊಂಡು ಮೆಟ್ಟಿಲ ಮೇಲೆ ಬೀಳುತ್ತವೆ.

ಗೂಡನ್ನು ಎತ್ತಿ ಬೇರೆ ಕಡೆ ಇಡುವುದು ಬೇಡ. ಅದು ಗೋಡೆಗೆ ಅಂಟಿಕೊಂಡಿರುವುದರಿಂದಲೇ ಗೂಡಾಗಿ ನಿಂತಿದೆ. ಬಿಡಿಸಿದರೆ ಪುಡಿ. ತಾಯಿ ತಂದೆ ಹುಡುಕುವುದೂ ಜಾಗವನ್ನು. ಹೋದ ವರ್ಷ ಖಾಲಿ ಮೂಲೆಗೆ ಬಂದು ನಿಂತದ್ದನ್ನು ನೀವೇ ನೋಡಿದ್ದೀರಿ.

ಬಣ್ಣದವರಿಗೆ ಹೀಗೆ ಹೇಳಿ: ಬೇರೆ ಗೋಡೆಗಳನ್ನೆಲ್ಲ ಮೊದಲು ಮುಗಿಸಿ, ಆ ತಿರುವನ್ನು ಕೊನೆಗೆ ಇಟ್ಟುಕೊಳ್ಳಿ. ಕೆಲಸದ ಕ್ರಮ ಬದಲಾಯಿಸಿದರೆ ಸಾಕು, ದಿನ ಹೆಚ್ಚುವುದಿಲ್ಲ.

ಹಿಕ್ಕೆಗೆ ಉಪಾಯ ಇದೆ. ಗೂಡಿನಿಂದ ಒಂದೂವರೆ ಎರಡು ಅಡಿ ಕೆಳಗೆ ಅಗಲವಾದ ಹಲಗೆಯೊಂದನ್ನು ಕಿಟಕಿಯ ಕಂಬಿಗೆ ಕಟ್ಟಿ. ಅದಕ್ಕಿಂತ ಹತ್ತಿರ ಬೇಡ, ಬೆಕ್ಕಿಗೆ ಮೆಟ್ಟಿಲಾಗುತ್ತದೆ. ಹಲಗೆಯ ಮೇಲೆ ಹಳೆಯ ಪೇಪರ್ ಹಾಸಿ ಎರಡು ದಿನಕ್ಕೊಮ್ಮೆ ಬದಲಾಯಿಸಿದರೆ ಕೆಳಗಿನ ಮನೆಯವರಿಗೂ ನೆಮ್ಮದಿ. ಮರಿಗಳು ತೀರಾ ಚಿಕ್ಕವಿದ್ದಾಗ ಅವುಗಳ ಹಿಕ್ಕೆಯನ್ನು ಅಪ್ಪ ಅಮ್ಮ ಕೊಕ್ಕಿನಲ್ಲಿ ಎತ್ತಿ ಹೊರಗೊಯ್ದು ಬಿಡುತ್ತವೆ. ಬೆಳೆದ ಮೇಲೆ ಮರಿಗಳೇ ಗೂಡಿನ ಅಂಚಿಗೆ ಹಿಂದು ತಿರುಗಿ ಹೊರಗೆ ಹಾಕುತ್ತವೆ. ಈಗಿನಿಂದ ಹಾರುವ ತನಕ ಹಿಕ್ಕೆ ಹೆಚ್ಚು, ಹಾಗಾಗಿ ಹಲಗೆಯನ್ನು ಇವತ್ತೇ ಕಟ್ಟಿ.

ಮೂರನೇಮಹಡಿ:

ಸರ್, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಮ್ಮೆಜಮಾನರಿಗೂ ಓದಿ ಹೇಳಿದೆ. ಹಳೇ ಕಪಾಟಿನ ಬಾಗಿಲ ಹಲಗೆ ಇತ್ತು, ಅದನ್ನೇ ಕಂಬಿಗೆ ಕಟ್ಟಿದ್ದೀವಿ. ಕಟ್ಟುವಾಗ ದೊಡ್ಡ ಹಕ್ಕಿಗಳು ಒಳಗೆ ಬರದೆ ಹೊರಗೇ ಸುತ್ತಿದವು, ನನಗೆ ಎದೆ ಡವಡವ. ನಾವು ಕೆಳಗಿಳಿದು ಬಂದ ಎರಡೇ ನಿಮಿಷಕ್ಕೆ ಮತ್ತೆ ಉಣಿಸೋಕೆ ಶುರು ಮಾಡಿದವು.

ಇವತ್ತು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಎಣಿಸಿದೆ. ಹನ್ನೊಂದು ಸಲ ಬಂದವು. ಅಂದರೆ ಮೂರು ನಿಮಿಷಕ್ಕೆ ಒಂದು ಸಲ. ನನಗೆ ಆಶ್ಚರ್ಯ ಆಗಿದ್ದು ಅವು ದೂರ ಹೋಗೋದೇ ಇಲ್ಲ. ಕಟ್ಟಡದ ಪಡುವಣ ಗೋಡೆಯ ಉದ್ದಕ್ಕೂ, ಗೋಡೆಗೆ ಒಂದು ಮೊಳ ಬಿಟ್ಟು, ಮೂಲೆಯಿಂದ ಮೂಲೆಗೆ ಹೋಗ್ತಾವೆ, ಬರ್ತಾವೆ. ನಿಧಾನ. ನಾಲ್ಕು ಸಲ ರೆಕ್ಕೆ ಬಡಿದು ಆಮೇಲೆ ತೇಲುತ್ತವೆ. ಗೋಡೆ ಮುಗಿಯುವ ಕಡೆ ಬಾಲ ಬಿಚ್ಚಿ, ನಿಂತಲ್ಲೇ ತಿರುಗಿದ ಹಾಗೆ ತಿರುಗುತ್ತವೆ. ಬೇರೆ ಕವಲುತೋಕೆಗಳು ಬಯಲ ಮೇಲೆ ಬಾಣದ ಥರ ಹೋಗೋದನ್ನು ನೋಡಿದ್ದೀನಿ. ಇವು ಯಾಕೆ ಹೀಗೆ?

ಹಳೇನೋಟ್‌ಬುಕ್:

ಒಳ್ಳೆಯ ಪ್ರಶ್ನೆ ಕೇಳಿದಿರಿ. ಈ ಕುಲ ಬದುಕುವುದೇ ಬಂಡೆಯ ಮುಖದಲ್ಲಿ. ಬಿಸಿಲಿಗೆ ಬಂಡೆ ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಅದರ ಜೊತೆಗೆ ಸಣ್ಣ ಹುಳಗಳೂ ಏಳುತ್ತವೆ. ಆ ಹುಳ ತಿನ್ನಬೇಕಾದರೆ ಬಂಡೆಗೆ ಉಜ್ಜಿಕೊಂಡಂತೆ ಹಾರಬೇಕು, ಕೊನೆಯಲ್ಲಿ ಗಕ್ಕನೆ ತಿರುಗಬೇಕು. ಅಂಥ ಹಾರಾಟಕ್ಕೆ ಉದ್ದ ಕವಲಿಗಿಂತ ಅಗಲವಾಗಿ ಬಿಚ್ಚಿಕೊಳ್ಳುವ ಬಾಲ ಒಳ್ಳೆಯದು. ನಿಮ್ಮ ಪಡುವಣ ಗೋಡೆ ಮಧ್ಯಾಹ್ನದ ಮೇಲೆ ಚೆನ್ನಾಗಿ ಕಾಯುತ್ತದಲ್ಲ, ಹಕ್ಕಿಯ ಪಾಲಿಗೆ ಅದೊಂದು ಬಂಡೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ನೋಡಿ, ಮೂಡಣ ಗೋಡೆಯ ಕಡೆ ಇರುತ್ತವೆ.

ಕೋಟೆ, ಹಳೆಯ ಗುಡಿ, ಗಣಿ, ಸೇತುವೆ, ಈಗ ಎತ್ತರದ ಮನೆಗಳು, ಎಲ್ಲವೂ ಇವಕ್ಕೆ ಬಂಡೆಯೇ. ಜೋಡಿಗಳು ಒಂಟಿಯಾಗಿಯೇ ಇರುತ್ತವೆ, ಇಲ್ಲವೇ ಅಲ್ಲೊಂದು ಇಲ್ಲೊಂದು ಗೂಡು. ನೂರು ಗೂಡು ಒತ್ತೊತ್ತಾಗಿ ಕಟ್ಟುವ ಜಾತಿ ಇದಲ್ಲ.

ಕರಣೆ:

ನಾನು ಗಾರೆ ಕೆಲಸದವನು. ಹಕ್ಕಿ ಶಾಸ್ತ್ರ ಓದಿದವನಲ್ಲ, ಆದರೆ ಮಣ್ಣಿನ ವಿಷಯ ಬಂದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಸಾರ್ವೆ ಮೇಲೆ ಕೂತು ಕೆಲಸ ಮಾಡುವಾಗ ಈ ಕಂದು ಹಕ್ಕಿ ನನ್ನಿಂದ ಎಂಟು ಅಡಿ ದೂರದಲ್ಲಿ ಗೂಡು ಕಟ್ಟಿದ್ದನ್ನು ದಿನವೂ ನೋಡಿದ್ದೀನಿ. ಮಣ್ಣನ್ನು ಕೊಕ್ಕಿನ ತುದಿಯಲ್ಲಿ ತರಲ್ಲ, ಬಾಯಿ ತುಂಬ ತುಂಬಿಕೊಂಡು ಬರುತ್ತೆ. ಅಂಚಿಗೆ ಕಚ್ಚಿಕೊಂಡು, ಬಾಲವನ್ನು ಗೋಡೆಗೋ ಗೂಡಿಗೋ ಊರಿಕೊಂಡು, ಉಂಡೆ ಇಡುತ್ತೆ. ಇಟ್ಟ ಮೇಲೆ ಸುಮ್ಮನೆ ಒತ್ತಲ್ಲ. ಕೊಕ್ಕನ್ನು ಗಡಗಡ ನಡುಗಿಸುತ್ತೆ. ನಾವು ಕಾಂಕ್ರೀಟ್ ಹಾಕಿದ ಮೇಲೆ ವೈಬ್ರೇಟರ್ ಇಳಿಸುತ್ತೀವಲ್ಲ, ಅದೇ ಕೆಲಸ. ಹಾಗೆ ನಡುಗಿಸಿದರೆ ಹಸಿ ಮಣ್ಣಿನಲ್ಲಿರುವ ನೀರು ಮೇಲಕ್ಕೆ ಬಂದು, ಉಂಡೆ ಒಂದು ಕ್ಷಣ ಸಡಿಲವಾಗಿ ಕೆಳಗಿನ ಸಾಲಿನ ಸಂದಿಗಳಿಗೆಲ್ಲ ಇಳಿದು ಹಿಡಿದುಕೊಳ್ಳುತ್ತೆ. ಅದನ್ನು ನೋಡಿದ ದಿನ ನಾನು ಕರಣೆ ಕೆಳಗಿಟ್ಟು ಬಹಳ ಹೊತ್ತು ಅದನ್ನೇ ನೋಡ್ತಾ ಕೂತೆ. ಯಾರು ಹೇಳಿಕೊಟ್ಟರು ಅದಕ್ಕೆ?

ಸರ್ ಹೇಳಿದ ಒಂದು ಬೆರಳು ಪಟ್ಟಿಯ ಮಾತು ನೂರಕ್ಕೆ ನೂರು ಸರಿ. ಹಸಿ ಗೋಡೆ ಮೇಲೆ ಹೆಚ್ಚು ಏರಿಸಿದರೆ ಜರಿಯುತ್ತೆ, ನಮಗೂ ಅದೇ ನಿಯಮ.

ಅಕ್ಕಾ, ಒಂದು ಕೆಲಸದ ಮಾತು. ಗೂಡಿನ ಸುತ್ತ ಗೋಡೆ ಕೆರೆಯುವಾಗ ಯಂತ್ರ ಹಿಡಿಸಬೇಡಿ. ಆ ಅದುರಿಗೆ ಒಣಗಿದ ಮಣ್ಣು ಗೋಡೆಯಿಂದ ಬಿಟ್ಟುಕೊಳ್ಳುತ್ತೆ. ಮರಿ ಹಾರಿದ ಮೇಲೂ ಸುತ್ತ ಎರಡು ಅಡಿ ಕೈಯಲ್ಲೇ ಉಪ್ಪುಕಾಗದ ಉಜ್ಜಿ ಅಂತ ಹೇಳಿ. ಹೊಸ ಬಣ್ಣದ ನುಣುಪು ಗೋಡೆಗೆ ಹಸಿ ಮಣ್ಣು ಹಿಡಿಯೋದು ಕಷ್ಟ, ಅದಕ್ಕೇ ಹಳೇ ಗೂಡು ಉಳಿಸಿಕೊಂಡರೆ ಅವಕ್ಕೆ ಅನುಕೂಲ.

ಹಳೇನೋಟ್‌ಬುಕ್:

ಕರಣೆಯವರೇ, ನಿಮ್ಮ ಮಾತನ್ನು ನನ್ನ ನೋಟ್‌ಬುಕ್ಕಿಗೆ ಬರೆದುಕೊಂಡೆ. ಕೊಕ್ಕು ನಡುಗಿಸುವುದನ್ನು ನಾನೂ ಕಂಡಿದ್ದೆ, ಅರ್ಥ ಹೊಳೆದಿರಲಿಲ್ಲ.

ನಿಮಗೆ ಇಷ್ಟವಾಗಬಹುದಾದ ವಿಷಯವೊಂದಿದೆ. 1993ರಲ್ಲಿ ವಿಂಕ್ಲರ್ ಮತ್ತು ಶೆಲ್ಡನ್ ಎಂಬಿಬ್ಬರು ಕವಲುತೋಕೆಗಳ ಡಿಎನ್‌ಎ ಹೋಲಿಸಿ, ಯಾವುದು ಯಾವುದಕ್ಕೆ ಹತ್ತಿರದ ನೆಂಟ ಎಂದು ನೋಡಿ, ಆ ವಂಶವೃಕ್ಷದ ಮೇಲೆ ಗೂಡುಗಳನ್ನು ಜೋಡಿಸಿದರು. ಹಳೆಯ ಪದ್ಧತಿ ಬಿಲ ತೋಡುವುದು. ನದಿ ದಂಡೆಯ ಮರಳಿನಲ್ಲಿ ಬಿಲ ತೋಡುವ ಮಾರ್ಟಿನ್‌ಗಳು ಇವತ್ತಿಗೂ ಇವೆ. ಅಮೆರಿಕ ಖಂಡಗಳ ಹಲವು ಜಾತಿಗಳು ಮರದ ಪೊಟರೆ ಹುಡುಕಿಕೊಂಡವು. ಮಣ್ಣಿನಲ್ಲಿ ಕಟ್ಟುವ ವಿದ್ಯೆ ಮಾತ್ರ ಇಡೀ ಕುಟುಂಬದಲ್ಲಿ ಒಂದೇ ಸಲ ಹುಟ್ಟಿತು, ಅಲ್ಲಿಂದ ಮುಂದಕ್ಕೆ ಬೆಳೆಯಿತು ಎಂಬುದು ಅವರ ತೀರ್ಮಾನ. ಮೊದಲು ಬಾಯ್ತೆರೆದ ಬಟ್ಟಲು. ನಮ್ಮ ಬಂಡೆ ಮಾರ್ಟಿನ್, ಕೊಟ್ಟಿಗೆಯ ಕವಲುತೋಕೆ, ಇವು ಆ ಹಂತದಲ್ಲೇ ನಿಂತವು. ಹೌಸ್ ಮಾರ್ಟಿನ್ ಬಟ್ಟಲನ್ನು ಮೇಲಿನವರೆಗೆ ಏರಿಸಿ, ಸಣ್ಣ ಕಂಡಿಯಷ್ಟೇ ಬಿಟ್ಟು ಮುಚ್ಚಿತು. ಕೆಂಪು ಸೊಂಟದ ಕವಲುತೋಕೆ ಅದಕ್ಕೆ ಕೊಳವೆಯಂಥ ಬಾಗಿಲನ್ನೂ ಸೇರಿಸಿತು, ನೋಡಿದರೆ ಹೂಜಿಯನ್ನು ಅಡ್ಡ ಮಲಗಿಸಿ ಅಂಟಿಸಿದ ಹಾಗೆ.

ಆದ್ದರಿಂದ ಅಮ್ಮಾ, ನಿಮ್ಮ ಮೆಟ್ಟಿಲ ಮೂಲೆಯಲ್ಲಿರುವುದು ಆ ವಿದ್ಯೆಯ ಬಹಳ ಹಳೆಯ ರೂಪ.

ಗಾಳಿಪಟ:

ನಾನು ತಪ್ಪು ಹೇಳಿದ್ದೆ ಸರ್, ತಿದ್ದಿದ್ದಕ್ಕೆ ಧನ್ಯವಾದ. ಇವತ್ತು ಆಫೀಸಿನ ಸೂರಿನಡಿ ಸರಿಯಾಗಿ ನೋಡಿದೆ. ಅಲ್ಲಿರೋದು ಗರಿಯ ಗೂಡೇ, ಅವು ಸ್ವಿಫ್ಟ್‌ಗಳೇ. ಒಂದು ಪ್ರಶ್ನೆ. ಚಳಿಗಾಲದಲ್ಲಿ ಘಟ್ಟದ ಬಂಡೆಗಳ ಹತ್ತಿರ ಇದೇ ಥರದ, ಆದರೆ ಸ್ವಲ್ಪ ದೊಡ್ಡ, ಹೊಟ್ಟೆ ತಿಳಿಯಾಗಿರೋ ಹಕ್ಕಿಗಳನ್ನು ಗುಂಪಾಗಿ ನೋಡಿದ್ದೀನಿ. ಅವೂ ಇವೇನಾ?

ಹಳೇನೋಟ್‌ಬುಕ್:

ಅವು ಇದೇ ಕುಲದ ಉತ್ತರದ ನೆಂಟರು, ಯುರೇಷಿಯನ್ ಕ್ರ್ಯಾಗ್ ಮಾರ್ಟಿನ್. ಸ್ಕೋಪೊಲಿ ಎಂಬ ಪ್ರಕೃತಿ ವಿಜ್ಞಾನಿ 1769ರಲ್ಲೇ ಹೆಸರಿಸಿದ್ದ. ದಕ್ಷಿಣ ಯೂರೋಪಿನಿಂದ ಹಿಮಾಲಯ, ಚೀನಾದವರೆಗೆ ಬೆಟ್ಟಗಳಲ್ಲಿ ಮರಿ ಮಾಡುತ್ತವೆ. ಚಳಿಗೆ ಕೆಲವು ಪಶ್ಚಿಮ ಘಟ್ಟದವರೆಗೂ ಇಳಿದು ಬರುತ್ತವೆ. ಹಾರುವಾಗ ಕೆಳಗಿನಿಂದ ನೋಡಿ: ಹೊಟ್ಟೆ ತಿಳಿ, ರೆಕ್ಕೆಯ ಅಡಿಭಾಗದ ಮುಂದಿನ ಅಂಚು ಮಾತ್ರ ಗಾಢ. ನಮ್ಮದಕ್ಕೆ ಅಂಥ ವ್ಯತ್ಯಾಸ ಇಲ್ಲ, ಎಲ್ಲವೂ ಹೊಗೆಬಣ್ಣ. ಯೂರೋಪಿನ ತುದಿಯ ಜಿಬ್ರಾಲ್ಟರಿನಲ್ಲಿ ಗೋರಮ್ಸ್ ಎಂಬ ಗುಹೆಯಿದೆ, ನಿಯಾಂಡರ್ತಾಲ್ ಮಾನವರು ಬಾಳಿದ ಜಾಗ. ಅಲ್ಲಿ ಚಳಿಗಾಲದ ರಾತ್ರಿಗಳನ್ನು ಸಾವಿರಾರು ಕ್ರ್ಯಾಗ್ ಮಾರ್ಟಿನ್‌ಗಳು ಒಟ್ಟಿಗೆ ಕಳೆಯುತ್ತವೆ. ಒಮ್ಮೆ ನೋಡಬೇಕೆಂಬ ಆಸೆ ನನಗೆ ಬಹಳ ಇದೆ.

ಅಮ್ಮಾ, ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅಕಸ್ಮಾತ್ ಗೂಡು ಬಿದ್ದರೆ ಗಾಬರಿ ಬೇಡ. ಅರ್ಧ ತೆಂಗಿನ ಚಿಪ್ಪಿಗೆ ಒಣಹುಲ್ಲು ಹಾಸಿ ಮರಿಗಳನ್ನು ಅದರಲ್ಲಿಟ್ಟು, ಅದೇ ಮೂಲೆಗೆ ಸಾಧ್ಯವಾದಷ್ಟು ಹತ್ತಿರ ಕಟ್ಟಿ ದೂರ ಸರಿಯಿರಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು. ಬಾಯಿಗೆ ಹಾಲು, ಅನ್ನ, ನೀರು ಏನನ್ನೂ ಹಾಕಬಾರದು. ಗುಟುಕು ಕೊಡುವ ಕೆಲಸ ಅಪ್ಪ ಅಮ್ಮನಿಗೇ ಬಿಡಿ.

ಮೂರನೇಮಹಡಿ (ಆರು ವಾರದ ನಂತರ):

ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಕ್ಷಮಿಸಿ. ಎಲ್ಲ ಮುಗಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ.

ಬಣ್ಣದವರ ಜೊತೆ ಮಾತಾಡಿದೆ. ಮೊದಲು ಒಪ್ಪಲಿಲ್ಲ. ಅವರಲ್ಲಿ ಒಬ್ಬ ಹುಡುಗನನ್ನು ಮೆಟ್ಟಿಲ ಮೇಲೆ ಕೂರಿಸಿ ಉಣಿಸೋದನ್ನು ತೋರಿಸಿದೆ. ಅವನೇ ಮೇಸ್ತ್ರಿಗೆ ಹೇಳಿ ಕೆಲಸದ ಕ್ರಮ ಬದಲಾಯಿಸಿದ. ಹೊರಗಿನ ಗೋಡೆಗಳೆಲ್ಲ ಮೊದಲು ಆದವು.

ಸರ್ ಹೇಳಿದ ಹದಿನಾಲ್ಕನೇ ದಿನ ಏನೂ ಆಗಲಿಲ್ಲ. ಹದಿನೈದನೇ ದಿನ ಮೂರು ಮರಿಗಳು ಅಂಚಿನ ಮೇಲೆ ಸಾಲಾಗಿ ಕೂತು ರೆಕ್ಕೆ ಬಡಿದವು. ಅವುಗಳ ರೆಕ್ಕೆಯ ಗರಿಗಳಿಗೆ ಸಣ್ಣಗೆ ಕೆಂಗಂದು ಅಂಚು ಇದೆ, ದೊಡ್ಡವಕ್ಕೆ ಅದು ಇಲ್ಲ. ಹದಿನಾರನೇ ದಿನ ಬೆಳಿಗ್ಗೆ ಏಳೂವರೆಗೆ ಮೊದಲನೇದು ಹೋಯಿತು. ಹೋಗಿದ್ದು ಕಿಟಕಿಯ ಕಂಬಿಯವರೆಗೆ, ಅಷ್ಟೇ. ಅಲ್ಲಿ ಇಪ್ಪತ್ತು ನಿಮಿಷ ಕೂತಿತ್ತು. ತಾಯಿಯೋ ತಂದೆಯೋ ಬಾಯಲ್ಲಿ ಹುಳ ಇಟ್ಟುಕೊಂಡು ಎದುರಿಗೆ ಹಾರಾಡಿ ಹಾರಾಡಿ, ಕೊಡದೇ ಹಿಂದಕ್ಕೆ ಹೋಯಿತು. ಮರಿ ಕಂಬಿ ಬಿಟ್ಟಿತು. ಒಂದು ಕ್ಷಣ ಕೆಳಗೆ ಇಳಿಯಿತು, ನಾನು ಕೂಗೇಬಿಟ್ಟೆ. ಆಮೇಲೆ ಬಾಲ ಬಿಚ್ಚಿತು. ಆ ಬಿಳಿ ಚುಕ್ಕೆಗಳು ಮರಿಯಲ್ಲೂ ಇದ್ದವು. ಮಧ್ಯಾಹ್ನದ ಹೊತ್ತಿಗೆ ಮೂರೂ ಹೊರಗೆ.

ಗೂಡು ಖಾಲಿ ಅಂದುಕೊಂಡೆ. ಸಂಜೆ ನೋಡಿದರೆ ಮೂರೂ ವಾಪಸು ಬಂದು ಒಳಗೆ ತುರುಕಿಕೊಂಡು ಮಲಗಿದ್ದವು, ಒಂದರ ಬಾಲ ಹೊರಗೇ ಇತ್ತು. ಹೀಗೇ ಹತ್ತು ದಿನ ಬಂದವು. ಬಣ್ಣದ ಹುಡುಗ ದಿನಾ ಬಂದು "ಅಕ್ಕಾ, ಹೋದವಾ?" ಅಂತ ಕೇಳೋನು. ಹನ್ನೊಂದನೇ ದಿನ ಬರಲಿಲ್ಲ. ಆಮೇಲೆ ಅವನೇ ಗೂಡಿನ ಸುತ್ತ ಎರಡು ಅಡಿ ಬಿಟ್ಟು, ಕರಣೆಯವರು ಹೇಳಿದ ಹಾಗೆ ಕೈಯಲ್ಲೇ ಉಜ್ಜಿ, ಬಣ್ಣ ಬಳಿದ. ಈಗ ಹೊಸ ಬಣ್ಣದ ನಡುವೆ ಹಳೇ ಗೋಡೆಯ ಒಂದು ತುಂಡು, ಅದರ ಮೇಲೆ ಗೂಡು. ಕೆಳಗಿನ ಮನೆಯವರು ಹಲಗೆ ಹಾಗೇ ಇರಲಿ ಅಂದಿದ್ದಾರೆ, ಪೇಪರ್ ಅವರೇ ಬದಲಾಯಿಸ್ತಾರೆ.

ಇವತ್ತು ಬೆಳಿಗ್ಗೆ ಹೊರಗೆ ಹೋಗುವಾಗ ಕಣ್ಣಿಗೆ ಬಿತ್ತು. ಗೂಡಿನ ಅಂಚಿನ ಮೇಲೆ ಒಂದು ಸಾಲು ಕಪ್ಪಗೆ, ಒದ್ದೆಯಾಗಿದೆ. ಇನ್ನೊಂದು ಸೂಲು ಶುರುವಾಯಿತಾ ಸರ್?

ಹಳೇನೋಟ್‌ಬುಕ್:

ಹೌದಮ್ಮಾ. ವರ್ಷಕ್ಕೆ ಎರಡು ಸಲ ಮರಿ ಮಾಡುವುದು ಇವಕ್ಕೆ ರೂಢಿ. ಇವತ್ತಿನ ತಾರೀಕು ಬರೆದಿಟ್ಟುಕೊಳ್ಳಿ.